ನಾದಿನಿಯ ಉಡಿ

ಯಾರ ಮನೆಯಲ್ಲಾದರೂ ಅರಿಷಿಣ ಕುಂಕುಮಕ್ಕೆ ಕರೆದರೆ ನಾನು ಈಗ ಹೋಗುವುದು ಕಡಿಮೆ. ಹೋದರೂ ಉಡಿ ತುಂಬುವ ಹೊತ್ತಿಗೆ ಎದ್ದು ಚಪ್ಪಲಿ ಹುಡುಕುತ್ತೇನೆ. ರವಿಕೆಯ ಖಣ ಬೇಡವೆಂದಲ್ಲ, ಅಕ್ಕಿ, ಅಡಿಕೆ, ಅರಿಷಿಣದ ಕೊಂಬು ಬೇಡವೆಂದೂ ಅಲ್ಲ. ಸೆರಗು ಒಡ್ಡಿ ಕೂತಾಗ ಅದರಲ್ಲಿ ತೆಂಗಿನಕಾಯಿ ಬಿತ್ತೆಂದರೆ ಸಾಕು, ನನ್ನ ಬಲಗಾಲು ತನ್ನಷ್ಟಕ್ಕೆ ತಾನೇ ಮುಂದಕ್ಕೆ ಒತ್ತುತ್ತದೆ, ಬ್ರೇಕ್ ಹುಡುಕುತ್ತದೆ. ಮುಖವೆಲ್ಲ ಬಿಸಿಯಾಗುತ್ತದೆ. ಐವತ್ತು ದಾಟಿದ ಹೆಂಗಸು ನಾನು. ಬಾಯಿಯಲ್ಲಿ ನನ್ನನ್ನು ಮೀರಿಸುವವರು ಪರದೇಶದ ನಮ್ಮ ಈ ಊರು, ಇಡೀ ಮಿಲ್ ಕ್ರೀಕ್‌ನಲ್ಲಿ ಇಲ್ಲವೆಂದು ಹೆಸರು. ಅಂಥವಳು ಒಂದು ಕಾಯಿಯ ಎದುರು ನಾಚಿಕೆಯಿಂದ ಸಾಯುತ್ತೇನೆ.

ಕಾರಿನ ವಿಷಯ ಮೊದಲು ಹೇಳಬೇಕು. ನಮ್ಮ ಮಾವನವರು ಧಾರವಾಡದ ಕಡೆಯವರು, ಪಕ್ಕದೂರು ಎವರೆಟ್‌ನ ವಿಮಾನದ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ನಮ್ಮನೆಯವರು ಇನ್ನೂ ತೊಟ್ಟಿಲಲ್ಲಿದ್ದಾಗ ಕಾರ್ಖಾನೆಯ ಹಿರಿಯ ಗೆಳೆಯರೊಬ್ಬರಿಂದ ಆ ಕಾರನ್ನು ಕೊಂಡದ್ದಂತೆ. ಆಗಲೇ ಅದು ಹಳೆಯದು. ತೆಳುನೀಲಿ ಬಣ್ಣ, ನಮ್ಮ ಅಡುಗೆಮನೆಗಿಂತ ಉದ್ದ. ಮುಂದೆಯೂ ಹಿಂದೆಯೂ ಬೆಂಚಿನಂತೆ ಒಂದೇ ಉದ್ದನೆಯ ಸೀಟು, ಕೂತು ಕೂತು ನುಣುಪಾದದ್ದು. ಸ್ಟೀರಿಂಗ್ ಚಕ್ರ ಬಳೆಯಷ್ಟು ತೆಳು. ಅದರ ಒಂದೊಂದು ತಿರುಪನ್ನೂ ಮಾವನವರು ತಮ್ಮ ಕೈಯಿಂದಲೇ ಬಿಚ್ಚಿ ಹಾಕಿದ್ದರು. ಬೇರೆ ಮೆಕ್ಯಾನಿಕ್‌ನ ನೆರಳೂ ಅದರ ಮೇಲೆ ಬಿದ್ದಿರಲಿಲ್ಲ.

ನಮ್ಮ ಅತ್ತೆಗೆ ಒಬ್ಬನೇ ಮಗ. ಹೆಣ್ಣುಮಗಳಿಲ್ಲವೆಂಬ ಕೊರಗು ಅವರನ್ನು ಬಿಡಲೇ ಇಲ್ಲ. ಆ ಕೊರಗನ್ನು ಅವರು ತೀರಿಸಿಕೊಂಡ ರೀತಿ ಮಾತ್ರ ಲೋಕದಲ್ಲಿ ಯಾರೂ ಮಾಡದ್ದು. ಕಾರನ್ನೇ ಮಗಳು ಮಾಡಿಕೊಂಡರು. ಮಹಾನವಮಿಯ ದಿನ ಎಲ್ಲರೂ ಗಾಡಿಗೆ ಹೂವು ಏರಿಸಿ, ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರೆ, ಅತ್ತೆ ಅಷ್ಟಕ್ಕೆ ಬಿಡುತ್ತಿರಲಿಲ್ಲ. ಮುಂದಿನ ಸೀಟಿನ ಮೇಲೆ ರೇಷ್ಮೆಯ ಖಣ ಹಾಸಿ, ಅದರ ಮೇಲೆ ಅಕ್ಕಿ, ಅಡಿಕೆ, ಅರಿಷಿಣದ ಕೊಂಬು, ಒಂದು ಇಡೀ ಕಾಯಿ ಇಟ್ಟು ಕಾರಿಗೆ ಉಡಿ ತುಂಬುತ್ತಿದ್ದರು, ತವರಿಗೆ ಬಂದ ಮಗಳಿಗೆ ತುಂಬಿದ ಹಾಗೆ. ಆಮೇಲೆ ಮಾವನವರು ಸ್ಟೀರಿಂಗ್ ಹಿಡಿಯುತ್ತಿದ್ದರು, ಅತ್ತೆ ಪಕ್ಕದಲ್ಲಿ ಕೂಡುತ್ತಿದ್ದರು. ನಿಂಬೆಹಣ್ಣು ಹಿಚುಕಿ, ಕಾಲೊನಿಗೆ ಒಂದು ಸುತ್ತು ಹಾಕಿ ಬರುತ್ತಿದ್ದರು. ಅದೇ ಕಾಯಿ ಒಡೆದು ಮರುದಿನ ಕರ್ಚಿಕಾಯಿ.

ಮದುವೆಯಾಗಿ ನಾನು ಇಲ್ಲಿಗೆ ಬಂದ ವಾರದಲ್ಲಿ ಅತ್ತೆ ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ, "ಇಕಿ ನೋಡವಾ ನಿನ್ನ ನಾದಿನಿ. ಇಕಿ ಜೋಡಿ ಜಗಳಾ ಮಾಡಬ್ಯಾಡ ಮತ್ತ" ಎಂದರು. ಈ ಮುದುಕಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಅಂದುಕೊಂಡೆ. ಆದರೆ ಹೆಸರು ನಾಲಿಗೆಗೆ ಅಂಟಿಕೊಂಡಿತು. ನಾದಿನಿ, ನಾದಿನಿ ಎನ್ನುತ್ತಲೇ ನಾನು ಅವಳ ಜೊತೆ ಜಗಳವನ್ನೂ ಶುರು ಮಾಡಿದೆ. ಗ್ಯಾರೇಜಿನ ಮುಕ್ಕಾಲು ಜಾಗ ಅವಳದು. ಮಳೆಯಲ್ಲಿ ನನ್ನ ಪುಟ್ಟ ಕಾರು ಹೊರಗೆ ನೆನೆಯಬೇಕು, ಮಹಾರಾಣಿ ಒಳಗೆ ಚಾದರ ಹೊದ್ದು ಮಲಗಬೇಕು. "ನಾದಿನಿ ಕಾಟ ಅಂದ್ರ ಇದ ನೋಡ್ರಿ" ಎಂದು ನಾನು ಬಂದವರೆದುರೆಲ್ಲ ಆಡಿಕೊಳ್ಳುತ್ತಿದ್ದೆ. ಹಾಗೆ ಆಡಿಕೊಂಡರೂ ನಾನು ಗಾಡಿ ಕಲಿತದ್ದು ಅವಳ ಮೇಲೆಯೇ. ಭಾನುವಾರ ಖಾಲಿ ಪಾರ್ಕಿಂಗ್ ಜಾಗದಲ್ಲಿ ಮಾವನವರು ಪಕ್ಕದಲ್ಲಿ ಕೂತು ಕಲಿಸಿದರು. ನಾನು ಕಿರುಚುತ್ತಿದ್ದೆ, ಅವರು ಒಮ್ಮೆಯೂ ದನಿ ಏರಿಸಲಿಲ್ಲ. "ಬ್ರೇಕ್ ತುಳಿಬ್ಯಾಡವಾ. ನಿಲ್ಲು ಅಂತ ಮೆತ್ತಗ ಕೇಳು. ನಿಲ್ತದ" ಎನ್ನುತ್ತಿದ್ದರು. ನಿಜಕ್ಕೂ ನಿಲ್ಲುತ್ತಿತ್ತು.

ಕೆಲಸ ಬಿಟ್ಟ ಮೇಲೆ ಮಾವನವರಿಗೆ ಶನಿವಾರ ಎಂದರೆ ಹಬ್ಬ. ಗ್ಯಾರೇಜಿನ ಬಾಗಿಲು ಮೇಲೆತ್ತಿ, ಮಡಿಚುವ ಕುರ್ಚಿಗಳನ್ನು ಹಾಕಿ ಕೂಡುತ್ತಿದ್ದರು. ಟೋಟೆಮ್ ಲೇಕ್‌ನ ಅಪಾರ್ಟ್‌ಮೆಂಟುಗಳಿಂದ ಬೆಂಗಳೂರು, ಮೈಸೂರಿನ ಸಾಫ್ಟ್‌ವೇರ್ ಹುಡುಗರು ಕಾರು ತಂದು ನಿಲ್ಲಿಸುವರು. ವೈಪರ್ ಬದಲಿಸಲು ಬಾರದವರೆಲ್ಲ ಇವರ ಕೈಯಲ್ಲಿ ಬ್ರೇಕು, ಬ್ಯಾಟರಿ ಕಲಿತರು. ನಾನು ಚಹಾ, ಚುರಮುರಿ ಕೊಟ್ಟು, "ದವಾಖಾನಿ ಬಾಗಿಲಾ ತಗೀತು" ಎಂದು ನಗಾಡುತ್ತಿದ್ದೆ. ಆಮೇಲೆ ಅವರ ಕಣ್ಣು ಕೆಟ್ಟಿತು. ನೋಟದ ನಡುಭಾಗ ಅಳಿಸಿಹೋಗಿ ಅಂಚು ಮಾತ್ರ ಉಳಿಯಿತು. ಯಾರನ್ನಾದರೂ ನೋಡಬೇಕೆಂದರೆ ಮುಖವನ್ನು ಆಚೆ ತಿರುಗಿಸಿ, ಓರೆಯಲ್ಲಿ ನೋಡಬೇಕು. ಗೊತ್ತಿಲ್ಲದವರು, ಇವರೇನು ಮೋರೆ ತಿರುವುತ್ತಾರಲ್ಲ ಅಂದುಕೊಳ್ಳುತ್ತಿದ್ದರು. ಲೈಸೆನ್ಸನ್ನು ಯಾರೂ ಕೇಳುವ ಮೊದಲೇ ತಾವಾಗಿ ಹೋಗಿ ಕೊಟ್ಟು ಬಂದರು. ಆದರೆ ರಿಪೇರಿ ಕೆಲಸ ಬಿಡಲಿಲ್ಲ. ಬೆರಳಿಗೇ ಕಣ್ಣಿತ್ತು ಅವರಿಗೆ, ಮುಟ್ಟಿ ಮುಟ್ಟಿಯೇ ಕೆಲಸ ಮಾಡುತ್ತಿದ್ದರು. ಹುಡುಗರು ಬರುವುದನ್ನೂ ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಅತ್ತೆ ತೀರಿಕೊಂಡರು. ಆ ವರ್ಷ ಹಬ್ಬವಿಲ್ಲ. ಮರುವರ್ಷದ ಮಹಾನವಮಿಯೇ ಅತ್ತೆಯಿಲ್ಲದ ಮೊದಲ ಪೂಜೆ.

ಅಪಾರ್ಟ್‌ಮೆಂಟಿನವರಿಗೆ ಗಾಡಿ ಪೂಜೆಗೆ ಜಾಗ ಎಲ್ಲಿಂದ ಬರಬೇಕು? ಎಲ್ಲರೂ ನಮ್ಮ ಮನೆಯ ಮುಂದೆಯೇ ಸೇರುತ್ತಿದ್ದರು. ಅವತ್ತೂ ರಸ್ತೆಯ ಕೊನೆಯ ತನಕ ಕಾರುಗಳು ನಿಂತಿದ್ದವು. ನಾಲ್ಕು ದಿನದ ಮಳೆ ನಿಂತು ಬಿಸಿಲು ಬಿದ್ದಿತ್ತು. ಮೇಪಲ್ ಎಲೆಗಳನ್ನು ಗುಡಿಸಿ ರಂಗೋಲಿ ಹಾಕಿದ್ದೆವು. ನಾನು ಅತ್ತೆಯ ಹಾಗೆಯೇ ಕಾರಿಗೆ ಉಡಿ ತುಂಬಿದೆ. ಖಣ ಹಾಸುವಾಗ ಕಣ್ಣು ಮಂಜಾಯಿತು, ಅದು ಬೇರೆ. ಮಾವನವರು ಧೋತರ ಉಟ್ಟು, ಹೆಗಲ ಮೇಲೆ ಶಲ್ಯ ಹಾಕಿಕೊಂಡು, ಕೋಲೂರಿಕೊಂಡು ಬಂದರು. ಹಿಂದಿನ ವಾರವಷ್ಟೇ ಕಾರಿಗೆ ಹೊಸ ಬ್ರೇಕ್ ಹಾಕಿ ಮುಗಿಸಿದ್ದರು. ಕೀಲಿಯನ್ನು ಮಗನಿಗೆ ಕೊಡುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರೆ, ನನ್ನ ಕೈ ಹುಡುಕಿ ಅದರಲ್ಲಿ ಇಟ್ಟರು.

"ಇವತ್ತ ನೀ ನಡಸು. ಅವಗ ಈ ಗಾಡಿ ಪಳಗಿಲ್ಲ."

ಹೆಮ್ಮೆಯಿಂದ ನನಗೆ ಕಾಲು ನೆಲಕ್ಕೆ ಹತ್ತಲಿಲ್ಲ. ಮಾವನವರು ಕಾರನ್ನು ತಡವುತ್ತ ಆಚೆ ಬದಿಗೆ ಹೋಗಿ ಬಾಗಿಲಿನ ಹಿಡಿಕೆಗೆ ಕೈ ಹಾಕಿದರು.

"ನಾ ಬಾಜೂಕ ಕೂಡ್ರತೇನಿ. ಕಾಯಿ ಹಿಡಕೋತೇನಿ."

"ಬ್ಯಾಡ್ರಿ ಮಾವಾರ," ಎಂದೆ ನಾನು, ಎಲ್ಲರಿಗೂ ಕೇಳುವ ಹಾಗೆ. "ನೀವು ಹತ್ತೂದು ಇಳಿಯೂದು ಅಂದ್ರ ಒಂದ್ ತಾಸು. ಎಲ್ಲಾರೂ ಹಸದು ನಿಂತಾರ. ಕಾಯಿ ಏನ್ ಕೂಸೇನ್ರಿ, ಹಿಡಕೊಂಡು ಕೂಡ್ರಲಿಕ್ಕೆ?"

ಎಲ್ಲರೂ ಗೊಳ್ಳೆಂದು ನಕ್ಕರು. ನನ್ನ ಮಾತಿಗೆ ಜನ ನಗುವುದು ನನಗೆ ಯಾವತ್ತೂ ಇಷ್ಟ. ಮಾವನವರೂ ನಕ್ಕು ಹಿಡಿಕೆಯಿಂದ ಕೈ ತೆಗೆದರು. ಅಷ್ಟು ವರ್ಷ ಅತ್ತೆ ಪಕ್ಕದಲ್ಲಿ ಕೂಡುತ್ತಿದ್ದದ್ದು ಗೌರವಕ್ಕೆ, ಸಂಭ್ರಮಕ್ಕೆ ಎಂದೇ ನಾನು ತಿಳಿದಿದ್ದೆ. ಅವರ ಎರಡೂ ಕೈ ಉಡಿಯ ಕಾಯಿಯ ಮೇಲೆ ಇರುತ್ತಿದ್ದದ್ದನ್ನು ಪ್ರತಿ ವರ್ಷ ನೋಡಿದ್ದೇನೆ. ಯಾಕೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಮಾತಾಡುವವರಿಗೆ ನೋಡಲು ಪುರಸೊತ್ತು ಎಲ್ಲಿ?

ನಿಂಬೆಹಣ್ಣು ಚಟ್ ಚಟ್ ಎಂದು ಒಡೆದವು. ಚಪ್ಪಾಳೆ. ನಮ್ಮನೆಯವರು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. ನಾನು ಕಿಟಕಿಯಿಂದ ಕೈ ಬೀಸುತ್ತ ಹೊರಟೆ, ಮಂತ್ರಿಗಳ ಸವಾರಿ ಹೊರಟ ಹಾಗೆ. ನಮ್ಮ ರಸ್ತೆ ತಿರುವು ಕಳೆದ ಮೇಲೆ ಇಳಿಜಾರಾಗಿ ದೊಡ್ಡ ರಸ್ತೆಗೆ ಸೇರುತ್ತದೆ. ತಿರುವಿನಲ್ಲಿ ಚಕ್ರ ತಿರುಗಿಸಿದೆ. ನುಣುಪಾದ ಸೀಟಿನ ಮೇಲೆ ರೇಷ್ಮೆಯ ಖಣ ಸರ್ರನೆ ಜಾರಿತು, ಅಕ್ಕಿ ಚೆಲ್ಲಿತು. ಕಾಯಿ ಧಡ್ ಎಂದು ಕೆಳಗೆ ಬಿದ್ದು, ಗುಡುಗುಡು ಉರುಳಿ ನನ್ನ ಕಾಲ ಬಳಿ ಬಂತು. ಇಳಿಜಾರು ಶುರುವಾಗಿತ್ತು. ಬ್ರೇಕ್ ಒತ್ತಿದೆ. ಕೆಳಗೆ ಹೋಗಲಿಲ್ಲ, ಅಡಿಯಲ್ಲಿ ಗುಂಡಗೆ, ಗಟ್ಟಿಯಾಗಿ ಏನೋ ಅಡ್ಡ ಇತ್ತು. ಏನೋ ಅಂದರೆ ಏನು, ಕಾಯಿ. ಎಡಗಾಲಿನ ಮೂಲೆಯಲ್ಲಿ, ಗಾಡಿ ನಿಲ್ಲಿಸಿಟ್ಟಾಗ ಒತ್ತುವ ಇನ್ನೊಂದು ಬ್ರೇಕಿತ್ತು, ಅದನ್ನೂ ಮಾವನವರು ಕಲಿಸಿದ್ದರು. ಆ ಗಳಿಗೆಯಲ್ಲಿ ಕಲಿತದ್ದು ಒಂದೂ ನೆನಪಾಗಲಿಲ್ಲ. ಕೆಳಗೆ ದೊಡ್ಡ ರಸ್ತೆಯಲ್ಲಿ ಕಾರುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಯವ್ವಾ ಎಂದು ಕೂಗಿ, ಕಾಲೊನಿಯ ಹೆಸರಿನ ಫಲಕದ ಸುತ್ತ ಇಟ್ಟ ಬಂಡೆಗಳ ಕಡೆಗೆ ಚಕ್ರ ತಿರುಗಿಸಿಬಿಟ್ಟೆ.

ನನಗೆ ಏನೂ ಆಗಲಿಲ್ಲ. ಮೊಣಕಾಲು ತರಚಿತು, ತುಟಿ ಕಚ್ಚಿಕೊಂಡೆ, ಅಷ್ಟೇ. ನಾದಿನಿಯ ಮುಂಭಾಗ ಮಾತ್ರ ಹಪ್ಪಳದ ಹಾಗೆ ಮಡಚಿಹೋಗಿತ್ತು. ಚೆಂಡುಹೂವಿನ ಹಾರ ಬಂಡೆಯ ಮೇಲೆ ಬಿದ್ದಿತ್ತು.

ಎಲ್ಲರೂ ಓಡಿ ಬಂದರು. ನಮ್ಮನೆಯವರು ನನ್ನನ್ನು ಎಳೆದು ಹೊರಗೆ ತೆಗೆದು ನಿಲ್ಲಿಸಿ, ಮುಂದೆ ಸೋರುತ್ತಿದ್ದ ನೀರು ನೋಡಲು ಹೋದರು. ಉಳಿದವರೂ ಅಲ್ಲಿಯೇ ಗುಂಪುಗೂಡಿದರು. ಮಾವನವರು ಎಲ್ಲರಿಗಿಂತ ಕೊನೆಗೆ ಬಂದರು. ಕಾರಿನ ಹಿಂಭಾಗದಿಂದ ಅಂಗೈ ಆಡಿಸುತ್ತ, ತಡವುತ್ತ ನನ್ನ ತನಕ ಬಂದು, "ಪೆಟ್ಟಾತೇನವಾ?" ಎಂದರು.

"ಇಲ್ರಿ."

ಆಮೇಲೆ ತೆರೆದ ಬಾಗಿಲಲ್ಲಿ ಬಗ್ಗಿ ಕಾಲಿಡುವ ಜಾಗದಲ್ಲಿ ಕೈ ಆಡಿಸಿದರು. ಅವರ ಕೈ ಒಂದು ಕಡೆ ನಿಂತದ್ದನ್ನು ನಾನು ನೋಡಿದೆ. ಶಲ್ಯವನ್ನು ಕೆಳಗೆ ಬಿಟ್ಟು, ಅದರಲ್ಲಿ ಸುತ್ತಿ ಕಾಯಿಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು. ನೆಟ್ಟಗೆ ನಿಂತು, ನಾನು ಬಾಯಿ ತೆರೆಯುವ ಮೊದಲೇ ದೊಡ್ಡ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಬ್ರೇಕ್ ಹಿಡದಿಲ್ಲ. ಹೋದ ವಾರ ನಾನಽ ಹಾಕಿದ್ದೆ. ಕಣ್ಣು ಕಾಣದವ ಹಾಕಬಾರದಿತ್ತು. ತಪ್ಪು ನಂದದ."

ತೆರೆದ ಬಾಯಿಯನ್ನು ನಾನು ಮುಚ್ಚಿದೆ. ಪೊಲೀಸಿನವನು ಬಂದು ಏನಾಯಿತು ಎಂದು ಕೇಳಿದಾಗ, "ಬ್ರೇಕ್" ಎಂದು ನಾನೇ ಹೇಳಿದೆ. ಒಂದೇ ಶಬ್ದ. ಅಂಗಡಿಯಲ್ಲಿ ಒಂದು ರಸೀದಿ ತಪ್ಪಾದರೆ ಅರ್ಧ ಗಂಟೆ ವಾದ ಮಾಡುವ ಹೆಂಗಸು, ಆವತ್ತು ಒಂದೇ ಶಬ್ದದಲ್ಲಿ ಮುಗಿಸಿದೆ.

ಮರುದಿನ ಚಹಾ ಕೊಡುವಾಗ ಮನೆಯಲ್ಲಿ ನಾವಿಬ್ಬರೇ ಇದ್ದೆವು. "ಮಾವಾರ, ನಾ ಇವರಿಗೆ ಹೇಳತೇನ್ರಿ" ಎಂದೆ. ಅವರು ಬಸಿಯಲ್ಲಿ ಚಹಾ ಆರಿಸುತ್ತ, "ಸುಮ್ನಿರು. ಬ್ರೇಕ್ ಕೆಟ್ಟತು ಅಂದ್ರ ಯಾರೂ ನಗಂಗಿಲ್ಲ. ಕಾಯಿ ಅಂದ್ರ ನಗತಾರ. ನಿಮ್ಮತ್ತಿ ಉಡಿ ನೆನಸಿ ನಗತಾರ, ನಿನ್ನ ನೋಡಿ ನಗತಾರ. ಯಾಕ ಬೇಕು?" ಎಂದರು. ನಾನು ಸುಮ್ಮನಾದೆ. ಸುಮ್ಮನಾದದ್ದಷ್ಟೇ ಅಲ್ಲ, ನನಗೆ ಹಾಯೆನಿಸಿತು. ಸದ್ಯ ಬಚಾವಾದೆ ಅಂದುಕೊಂಡೆ. ಹಿರಿಯರ ಮಾತು ಮೀರಬಾರದು ಎಂಬ ನೆಪವೂ ಸಿಕ್ಕಿತು. ಯಾವ ದಿನ ನಾನು ಅವರ ಮಾತು ಮೀರದೆ ಇದ್ದೆ?

ಇನ್ಶೂರೆನ್ಸಿನವರು ಬಂದು ನೋಡಿ, ಚಾಸಿ ಬಾಗಿದೆ, ರಿಪೇರಿ ಲಾಭವಿಲ್ಲ, ನಾವೇ ತೆಗೆದುಕೊಂಡು ಹೋಗುತ್ತೇವೆ ಎಂದರು. ಬೇಕಿದ್ದರೆ ನೀವು ಹಾಗೆಯೇ ಮನೆಗೆ ಒಯ್ಯಬಹುದು ಎಂದೂ ಹೇಳಿದರು. ಮಾವನವರ ಮುಖ ಅರಳಿತು.

"ಮನಿಗೆ ತರೂಣು," ಎಂದರು ಮಗನಿಗೆ. "ಸಾವಕಾಶ ಮಾಡತೇನಿ. ನನಗೇನು ಅವಸರದ?"

ನಮ್ಮನೆಯವರು ಸಿಟ್ಟಾಗುವುದು ಅಪರೂಪ. ಸಿಟ್ಟಿನ ಗುತ್ತಿಗೆ ನನ್ನದು. ಆದರೆ ಆವತ್ತು ಊಟದ ಮೇಜಿನ ಮುಂದೆ ಅವರು ತಂದೆಗೆ ಎಂದೂ ಆಡದ ಮಾತಾಡಿದರು.

"ಅಪ್ಪಾ, ಸಾಕಿನ್ನ. ನೀವು ಹಾಕಿದ ಬ್ರೇಕಿಂದ ಇಕಿ ಸಾಯ್ತಿದ್ಲು. ಕೆಳಗ ಮೇನ್ ರೋಡ್ ಇತ್ತು, ಗೊತ್ತದ ಇಲ್ಲೊ? ಆ ಗಾಡಿನೂ ಬ್ಯಾಡ, ಆ ಟೂಲ್ಸೂ ಬ್ಯಾಡ. ಇನ್ನ ಮ್ಯಾಲೆ ಯಾರ ಗಾಡಿನೂ ಮುಟ್ಟಬ್ಯಾಡ್ರಿ. ಪ್ಲೀಸ್."

 ಮಾವನವರು ಮುಖವನ್ನು ನಿಧಾನವಾಗಿ ಕಿಟಕಿಯ ಕಡೆ ತಿರುಗಿಸಿದರು. ನಮ್ಮನೆಯವರು ಅಪ್ಪ ಮುನಿಸಿಕೊಂಡರೆಂದು ತಿಳಿದು ಎದ್ದು ಹೋದರು. ನನಗೆ ಗೊತ್ತಿತ್ತು. ಅವರು ಮುಖ ಆಚೆ ತಿರುಗಿಸಿದರೆ ನನ್ನನ್ನು ನೋಡುತ್ತಿದ್ದಾರೆಂದು ಅರ್ಥ. ನಾನು ಒಂದು ಮಾತು ಹೇಳಿದ್ದರೆ ನಾದಿನಿ ಮನೆಗೆ ಬರುತ್ತಿದ್ದಳು. ಬ್ರೇಕ್ ಸರಿಯಾಗಿತ್ತು ಎಂಬ ಒಂದು ಮಾತು. ನಾನು ಮೇಜು ಒರೆಸುತ್ತಿದ್ದೆ. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದೆ.

ಕೊನೆಗೆ ಕಾರಿನಲ್ಲಿದ್ದ ನಮ್ಮ ಸಾಮಾನು ತರಲು ಎವರೆಟ್‌ನಲ್ಲಿ ಮುರುಕು ಗಾಡಿಗಳನ್ನು ಇಡುವ ಯಾರ್ಡಿಗೆ ಹೋದೆವು. ಜಿನುಗು ಮಳೆ. ನಮ್ಮನೆಯವರು ಕಚೇರಿಯೊಳಗೆ ಸಹಿ ಹಾಕುತ್ತಿದ್ದರು. ನಾನು ಮಾವನವರ ಕೈ ಹಿಡಿದು ಕೆಸರು ದಾಟಿಸಿ ಕಾರಿನ ಬಳಿ ಕರೆದುಕೊಂಡು ಹೋದೆ. ಅವರು ಬಾಗಿಲು ತೆರೆದು, ಕೈಚೀಲದಿಂದ ಅತ್ತೆಯ ಖಣ ತೆಗೆದು ಸೀಟಿನ ಮೇಲೆ ಹಾಸಿದರು. ಒಂದು ಹಿಡಿ ಅಕ್ಕಿ. ಅಡಿಕೆ. ಆಮೇಲೆ ಕಾಯಿ. ಅದೇ ಕಾಯಿ. ಒಂದು ಬದಿಯಲ್ಲಿ ಪೆಡಲ್ಲಿನ ಗೀರು ಇತ್ತು.

"ಮನಿ ಮಗಳನ್ನ ಬರೇ ಉಡಿಲೆ ಕಳಸಬಾರದು," ಎಂದರು. ಸೀಟಿನ ಸಂದಿಯಲ್ಲಿ ಕೈ ಹಾಕಿ, ಯಾರೂ ಬಳಸದೆ ಹುದುಗಿಹೋಗಿದ್ದ ಹಳೆಯ ಬೆಲ್ಟನ್ನು ಎಳೆದು ತೆಗೆದು, ಕಾಯಿಯ ಮೇಲೆ ಹಾಯಿಸಿ ಬಿಗಿದರು. ಅಲ್ಲಾಡಿಸಿ ನೋಡಿದರು. "ಈಗ ಉರಳಂಗಿಲ್ಲ."

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ತಿರುಗಿ ಆಡುತ್ತಿದ್ದೆ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನಿಸಿತು. ಅಳು ಬಂತು. ಅವರು ನನ್ನ ತಲೆಯ ಮೇಲೆ ಕೈ ಇಟ್ಟು, ನಾದಿನಿ ಹೋದದ್ದಕ್ಕೆ ಅಳುತ್ತಿದ್ದೇನೆ ಎಂಬಂತೆ ಸಮಾಧಾನ ಮಾಡಿದರು. ಅದನ್ನೂ ನಾನು ಮಾಡಿಸಿಕೊಂಡೆ.

ಆಮೇಲಿನ ಶನಿವಾರಗಳಲ್ಲಿ ಮಾವನವರು ಎಂದಿನ ಹಾಗೆ ಬಾಗಿಲು ಮೇಲೆತ್ತಿ, ಕುರ್ಚಿಗಳನ್ನು ಹಾಕಿಕೊಂಡು ಕೂತರು. ಯಾರೂ ಬರಲಿಲ್ಲ. ಟೋಟೆಮ್ ಲೇಕ್‌ನ ಹುಡುಗನೊಬ್ಬ, ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವನು, ನನಗೆ ಕಾಲ್ ಮಾಡಿದ. "ಆಂಟಿ, ಅಂಕಲ್‌ಗೆ ಬೇಜಾರಾಗದ ಹಾಗೆ ಹೇಳ್ಬಿಡಿ. ನಾನು ಶಾಪ್‌ನಲ್ಲೇ ಮಾಡಿಸ್ಕೊಂಡ್ಬಿಟ್ಟೆ. ಅವರ ಕಣ್ಣು... ಗೊತ್ತಲ್ಲ ಆಂಟಿ, ಮಕ್ಕಳನ್ನ ಕೂರಿಸ್ಕೊಂಡು ಓಡಾಡೋ ಗಾಡಿ." ನಾನು ಆಯ್ತಪ್ಪ ಎಂದೆ. ಅವನದೇನು ತಪ್ಪು? ಚಳಿಗಾಲ ಮುಗಿಯುವ ಹೊತ್ತಿಗೆ ಮಾವನವರು ಬಾಗಿಲೆತ್ತುವುದನ್ನು ಬಿಟ್ಟರು. ನಮ್ಮನೆಯವರು, ಟೂಲ್ಸನ್ನೆಲ್ಲ ಪುಕ್ಕಟೆ ಕೊಡುತ್ತೇವೆ ಎಂದು ಇಂಟರ್‌ನೆಟ್ಟಿನಲ್ಲಿ ಹಾಕಿದರು. ಯಾರೋ ಟ್ರಕ್ಕು ತಂದು ಜ್ಯಾಕು, ನಟ್ಟು ಬಿಚ್ಚುವ ಪಾನಾ, ಸುತ್ತಿಗೆ, ಕೆಂಪು ಬಣ್ಣದ ಟೂಲ್ ಪೆಟ್ಟಿಗೆ ಎಲ್ಲ ಹೇರಿಕೊಂಡು ಹೋದರು. ಪೆಟ್ಟಿಗೆಯ ಒಂದು ತುದಿಯನ್ನು ನಾನೇ ಹಿಡಿದು ಎತ್ತಿಕೊಟ್ಟೆ. ಗ್ಯಾರೇಜಿನಲ್ಲಿ ಈಗ ನನ್ನ ಕಾರು ನಿಲ್ಲುತ್ತದೆ. ಮಳೆಯಲ್ಲಿ ನೆನೆಯುವುದಿಲ್ಲ.

ಮತ್ತೆ ಮಹಾನವಮಿ ಬಂತು. ದೇವರ ಮುಂದೆ ಮಣೆ ಹಾಕಿ, ಪೂಜೆಗೆ ಇಡುವ ಆಯುಧಗಳನ್ನು ಜೋಡಿಸಿದೆ. ಈಳಿಗೆ, ಕತ್ತರಿ, ನಮ್ಮನೆಯವರ ಲ್ಯಾಪ್‌ಟಾಪು. ಮಾವನವರು ಬಂದು ಮಣೆಯ ಮುಂದೆ ಕೂತು, ತಮ್ಮ ಪಾನಾಗಳನ್ನು ಪ್ರತಿ ವರ್ಷ ಸಾಲಾಗಿ ಇಡುತ್ತಿದ್ದ ಬಲಗಡೆಗೆ ಕೈ ಚಾಚಿದರು. ಮಣೆಯ ಬರಿ ಹಲಗೆಯನ್ನು ಎರಡು ಸಲ ಸವರಿದರು. ಆಮೇಲೆ ಕೈ ಹಿಂದೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ನಾನು ಆರತಿ ಹಿಡಿದು ಹಿಂದೆಯೇ ನಿಂತಿದ್ದೆ.

ಹೊರಗೆ ಎಲ್ಲ ಕಾರುಗಳೂ ನಿಂತಿದ್ದವು. ಮಾವನವರಿಗೆ ಒಂದು ಕುರ್ಚಿ ಹಾಕಿದ್ದೆವು. ಟೋಟೆಮ್ ಲೇಕ್‌ನ ಅದೇ ಹುಡುಗ ಹೊಸ ಕಾರು ತಂದಿದ್ದ. ಅದರ ಸುತ್ತ ಎಲ್ಲರೂ ನಿಂತು ಮಾತಾಡುವಾಗ ಸಲಿಗೆಯಿಂದ, "ಅಂಕಲ್, ಆಶೀರ್ವಾದ ಮಾಡಿ. ಬ್ರೇಕ್ ಮಾತ್ರ ಮುಟ್ಬೇಡಿ!" ಎಂದ. ಗೊಳ್ಳೆಂದು ನಗು. ಮಾವನವರೂ ನಕ್ಕರು, ಹಿಂದಿನ ವರ್ಷ ಕಾರಿನ ಹಿಡಿಕೆಯಿಂದ ಕೈ ತೆಗೆದಾಗ ನಕ್ಕ ಹಾಗೆಯೇ.

ನನಗೆ ತಡೆಯಲಾಗಲಿಲ್ಲ.

"ಏ ನಿಂದರು," ಎಂದು ಚೀರಿದೆ. "ನಗಬ್ಯಾಡ್ರಿ. ಬ್ರೇಕಿಗೆ ಏನೂ ಆಗಿದ್ದಿಲ್ಲ. ಆಗಿದ್ದು ಕಾಯಿಂದ. ಉಡಿ ಕಾಯಿ ಬ್ರೇಕಿನ ಬುಡಕ ಹೋಗಿತ್ತು. ಹಿಡಕೊಂಡು ಕೂಡ್ರತೇನಿ ಅಂತ ಅವರು ಬಂದ್ರ, ಕಾಯಿ ಏನ್ ಕೂಸೇನು ಅಂತ ಅಂದಾಕಿ ನಾನು. ನೀವೆಲ್ಲಾ ಇಲ್ಲೇ ನಿಂತು ನಕ್ಕಿದ್ರಿ. ಅವರು ನನ್ನ ಸಲುವಾಗಿ ತಮ್ಮ ಮ್ಯಾಲೆ ಹಾಕ್ಕೊಂಡ್ರು. ನಾ ಒಂದ್ ವರ್ಷ ಬಾಯಿ ಮುಚಗೊಂಡು ಕೂತೆ."

 ಹುಡುಗ ತಲೆ ತಗ್ಗಿಸಿದ. ನಮ್ಮನೆಯವರು ಕೈಯಲ್ಲಿದ್ದ ಹಾರವನ್ನು ಕಾರಿನ ಮೇಲಿಟ್ಟು, ನನ್ನನ್ನೂ ತಂದೆಯನ್ನೂ ನೋಡಿದರು. ಮಾವನವರು ಎದ್ದು ಕೋಲೂರಿಕೊಂಡು ಗ್ಯಾರೇಜಿನೊಳಕ್ಕೆ ನಡೆದರು. ನಾನು ಹಿಂದೆಯೇ ಹೋದೆ. ನನ್ನ ಕಾರಿನ ಪಕ್ಕದ ಇರುಕಿನಲ್ಲಿ, ಟೂಲ್ ಪೆಟ್ಟಿಗೆ ಇರುತ್ತಿದ್ದ ಗೋಡೆಗೆ ಕೈ ಊರಿ ನಿಂತಿದ್ದರು.

"ಮಾವಾರ, ತಪ್ಪಾತ್ರಿ."

"ಹೇಳಬಾರದಿತ್ತು ನೀ," ಎಂದರು. ದನಿ ಗಡಸಾಗಿತ್ತು. ಅಷ್ಟು ವರ್ಷದಲ್ಲಿ ನಾನು ಆ ದನಿ ಕೇಳಿರಲಿಲ್ಲ. "ಹೇಳೂದಿದ್ರ ಅವತ್ತಽ ಹೇಳಬೇಕಿತ್ತು. ಅಕಿ ಮನಿಗೆ ಬರತಿದ್ಲು."

  ಅಷ್ಟರಲ್ಲಿ ಬಾಗಿಲ ಬಳಿ ಆ ಹುಡುಗ ಬಂದು ನಿಂತ. ಕಣ್ಣು ಕೆಂಪಾಗಿತ್ತು.

"ಅಂಕಲ್, ಸಾರಿ. ಶನಿವಾರ ಗಾಡಿ ತರ್ಲಾ? ಹಳೇದೂ ಇದೆ ನನ್ ಹತ್ರ. ಮುಂದಿನ ಬ್ರೇಕ್ ಸೌಂಡ್ ಮಾಡ್ತಿದೆ. ನೀವೇ ನೋಡ್ಬೇಕು ಅಂಕಲ್."

ಮಾವನವರ ಬೆರಳುಗಳು ಗೋಡೆಯ ಮೇಲೆ ಅಲುಗಾಡಿದವು. ಪೆಟ್ಟಿಗೆಯ ಮೇಲಿನ ಖಾನೆ ಇರುತ್ತಿದ್ದ ಎತ್ತರದಲ್ಲಿ, ಪಾನಾ ಹುಡುಕುವ ಹಾಗೆ. ಆಮೇಲೆ ನಿಂತವು. ಅವರು ಮುಖವನ್ನು ಹುಡುಗನ ಕಡೆ ತಿರುಗಿಸಿದರು, ಪೂರ್ತಿ ಅವನ ಕಡೆಗೆ. ಓರೆಗಣ್ಣು ಇದ್ದದ್ದು ನನ್ನ ಮೇಲೆ.

"ಬಾರಪಾ," ಎಂದರು. "ಬರೇ ಚಹಾ ಕುಡಿಲಿಕ್ಕೆ ಬಾ."